ಗುರುಗ್ರಹಕ್ಕೆ ನೆಲವಿಲ್ಲ

ಶಾಲೆಯ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದಾಗ, ಹಳೆಯ ಅಧ್ಯಾಪಕನಾದ ನಾನು ಶಾಲೆಯ ಏಳಿಗೆಯನ್ನು ಕುರಿತೋ ಕಟ್ಟಡಗಳು ಎದ್ದ ಕಥೆಯನ್ನು ಕುರಿತೋ ಬರೆಯುವೆನೆಂದು ಅವರು ಎಣಿಸಿದ್ದರೆಂದು ತೋರುತ್ತದೆ. ಅವುಗಳನ್ನು ನನಗಿಂತ ಚೆನ್ನಾಗಿ ಬಲ್ಲವರು ನಮ್ಮಲ್ಲಿ ಅನೇಕರಿದ್ದಾರೆ. ನಾನಾದರೋ 34 ವರ್ಷಗಳ ಕಾಲ ಇಲ್ಲಿ ವಿಜ್ಞಾನವನ್ನು ಬೋಧಿಸಿದವನು. ಅಷ್ಟು ವರ್ಷಗಳಲ್ಲಿ ತಿದ್ದಿದ ಸಾವಿರಾರು ಉತ್ತರಪತ್ರಿಕೆಗಳ ಪೈಕಿ ಒಂದೇ ಒಂದು ಪತ್ರಿಕೆಯ ನಾಲ್ಕು ಅಂಕಗಳು ನನ್ನ ಲೆಕ್ಕದಲ್ಲಿ ಬಾಕಿಯಾಗಿ ಉಳಿದಿವೆ. ಆ ಬಾಕಿಯ ವಿಷಯವನ್ನು ಹೇಳಬೇಕಾದರೆ ಗುರುಗ್ರಹದ ವಿಷಯವನ್ನು ಹೇಳದೆ ಗತ್ಯಂತರವಿಲ್ಲ. ಓದುಗರು ಸೈರಿಸಿಕೊಳ್ಳಬೇಕು.

1975ನೆಯ ಇಸವಿಯ ಮಾರ್ಚ್ ತಿಂಗಳು. ಒಂಬತ್ತನೆಯ ತರಗತಿಯ ವಾರ್ಷಿಕ ಪರೀಕ್ಷೆಗೆ ಪ್ರಶ್ನಪತ್ರಿಕೆಯನ್ನು ನಾನೇ ತಯಾರಿಸಿದ್ದೆ. ‘ಗುರುಗ್ರಹದ ಮೇಲ್ಮೈಯನ್ನು ವರ್ಣಿಸಿರಿ’ ಎಂಬುದು ಅದರಲ್ಲಿ ನಾಲ್ಕು ಅಂಕಗಳ ಪ್ರಶ್ನೆ. ಉತ್ತರವು ನನ್ನ ಟಿಪ್ಪಣಿಯಲ್ಲಿ ಸಿದ್ಧವಾಗಿತ್ತು. ಕಾಲೇಜಿನಲ್ಲಿ ಬರೆದುಕೊಂಡಿದ್ದ ಆ ಟಿಪ್ಪಣಿಯನ್ನೇ ನಾನು ವರ್ಷವರ್ಷವೂ ಮಕ್ಕಳಿಗೆ ಹೇಳಿ ಬರೆಯಿಸುತ್ತಿದ್ದೆ: ಮೇಲೆ ಅಮೋನಿಯ, ಮೀಥೇನುಗಳಿಂದ ಕೂಡಿದ ದಟ್ಟವಾದ ವಾತಾವರಣ, ಅದರ ಕೆಳಗೆ ಸಾವಿರಾರು ಮೈಲಿ ದಪ್ಪದ ಮಂಜುಗಡ್ಡೆಯ ಹೊದಿಕೆ, ನಟ್ಟನಡುವೆ ಕಲ್ಲು ಲೋಹಗಳ ಗಟ್ಟಿ ಗುಂಡು, ಉಪಗ್ರಹಗಳು ಹನ್ನೆರಡು, ಬಳೆಯುಳ್ಳ ಗ್ರಹವು ಶನಿಯೊಂದೇ. ಇಪ್ಪತ್ತೆಂಟು ಮಕ್ಕಳು ಮಂಜುಗಡ್ಡೆಯ ಹೊದಿಕೆಯನ್ನು ಚಾಚೂ ತಪ್ಪದೆ ಬರೆದಿದ್ದರು. ಒಬ್ಬನು ಮಾತ್ರ ಮೂರೇ ಸಾಲು ಬರೆದಿದ್ದನು. ಗುರುಗ್ರಹಕ್ಕೆ ನೆಲವೆಂಬುದಿಲ್ಲ, ನಮಗೆ ಕಾಣುವುದು ಮೋಡ, ಮೋಡದ ಕೆಳಗೆ ಒತ್ತಿದ ಅನಿಲ, ಅದರ ಕೆಳಗೆ ದ್ರವ, ಆದುದರಿಂದ ಮೇಲ್ಮೈಯನ್ನು ವರ್ಣಿಸಲು ಬರುವುದಿಲ್ಲ. ನಾನು ಕೆಂಪು ಮಸಿಯಲ್ಲಿ ‘ಪ್ರಶ್ನೆಗೆ ಉತ್ತರವಲ್ಲ’ ಎಂದು ಬರೆದು ಸೊನ್ನೆ ಹಾಕಿದೆ.

ಆತನು ಉಚಿತ ವಸತಿನಿಲಯದಲ್ಲಿದ್ದ ಹುಡುಗ. ಅವನ ತಂದೆಗೆ ಇದ್ದುದು ಮಳೆಯನ್ನೇ ನಂಬಿದ ಎರಡೆಕರೆ ಹೊಲ; ಅದೂ 1972ರ ಬರದಲ್ಲಿ ಬೆಂದುಹೋಗಿ ಆಗಷ್ಟೇ ಚೇತರಿಸಿಕೊಳ್ಳುತ್ತಿತ್ತು. ಕಾಳಿನ ವ್ಯಾಪಾರಿಗಳೊಬ್ಬರು ತಮ್ಮ ತಂದೆಯವರ ಹೆಸರಿನಲ್ಲಿ ಇಟ್ಟ ಠೇವಣಿಯಿಂದ, ಒಂಬತ್ತನೆಯ ತರಗತಿಯಲ್ಲಿ ವಿಜ್ಞಾನಕ್ಕೆ ಮೊದಲಿಗನಾದವನಿಗೆ ಆಗ ನೂರು ರೂಪಾಯಿಯ ಬಹುಮಾನವಿತ್ತು. ಮುಂದಿನ ವರ್ಷದ ಪುಸ್ತಕ, ಫೀಜು, ಒಂದು ಜೊತೆ ಬಟ್ಟೆ ಅದರಲ್ಲಿ ಸಾಗುತ್ತಿದ್ದುವು. ಆ ಬಹುಮಾನವು ಮೂರು ಅಂಕಗಳಿಂದ ಅವನ ಕೈ ತಪ್ಪಿತು.

ಪತ್ರಿಕೆಗಳನ್ನು ಹಂಚಿದ ದಿನ ಅವನು ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ಬಂದು ನಿಂತನು. “ಸರ, ಅಲ್ಲೆ ನೆಲಾನ ಇಲ್ಲಂದ ಮ್ಯಾಲೆ ಏನಂತ ಬರೀಲ್ರಿ? ಹೋಗಿ ನಿಂತರ ಕಾಲು ಎಲ್ಲೆ ಊರ್ತಾವ್ರಿ?” ವಾಚನಾಲಯಕ್ಕೆ ಬರುತ್ತಿದ್ದ ಪತ್ರಿಕೆಯೊಂದರ ಭಾನುವಾರದ ಪುರವಣಿಯಲ್ಲಿ ತಾನು ಇದನ್ನು ಓದಿದುದಾಗಿಯೂ ಹೇಳಿದನು. ನಾನು, “ಪುಸ್ತಕದಾಗ ಇದ್ದದ್ದು ಬರೀಬೇಕೋ. ಕಾಲು ಊರೂದು ನಿನಗ್ಯಾಕ ಬೇಕು?” ಎಂದು ಕಳುಹಿಸಿಬಿಟ್ಟೆ. ಕೊಠಡಿಯಲ್ಲಿದ್ದ ನಾವೆಲ್ಲರೂ ನಕ್ಕೆವೆಂದೂ ನೆನಪು.

ಈಗ ಯೋಚಿಸಿದರೆ ಆ ಪ್ರಶ್ನೆಯಲ್ಲಿಯೇ ಗುರುಗ್ರಹದ ಸಮಸ್ತ ಲಕ್ಷಣವೂ ಅಡಗಿತ್ತು. ನನ್ನ ಟಿಪ್ಪಣಿಯು ಸುಳ್ಳಿನ ಕಂತೆಯೇನೂ ಆಗಿರಲಿಲ್ಲ. ಅದು ಹಳತಾಗಿತ್ತು, ಅಷ್ಟೆ. ರೂಪರ್ಟ್ ವಿಲ್ಟ್ ಎಂಬ ಖಗೋಳವಿಜ್ಞಾನಿಯು 1930ರ ದಶಕದಲ್ಲಿ ಗುರುವಿನ ಬೆಳಕನ್ನು ಪರಿಶೀಲಿಸಿ ಅಲ್ಲಿ ಅಮೋನಿಯ, ಮೀಥೇನುಗಳಿರುವುದನ್ನು ಗುರುತಿಸಿದನು. ಕಲ್ಲಿನ ಗುಂಡು, ಅದರ ಮೇಲೆ ಮಂಜುಗಡ್ಡೆ, ಅದರ ಮೇಲೆ ಒತ್ತಡದಿಂದ ಗಟ್ಟಿಯಾದ ಜಲಜನಕ ಎಂಬ ಕಲ್ಪನೆಯೂ ಅವನದೇ. ಆದರೆ ಗ್ರಹದ ತೂಕವನ್ನೂ ಗಾತ್ರವನ್ನೂ ಒಟ್ಟಿಗೆ ಇಟ್ಟು ಲೆಕ್ಕ ಹಾಕಿದವರು, ಅಷ್ಟೊಂದು ಕಲ್ಲಿಗೂ ಮಂಜುಗಡ್ಡೆಗೂ ಅಲ್ಲಿ ಎಡೆಯಿಲ್ಲವೆಂಬುದನ್ನು ಕಂಡುಕೊಂಡರು. 1958ರಲ್ಲಿ ಡಿಮಾರ್ಕಸ್ ಎಂಬವರ ಲೆಕ್ಕವು ಗುರುವು ಬಹುಪಾಲು ಜಲಜನಕದ ಮುದ್ದೆಯೆಂಬುದನ್ನು ತೋರಿಸಿತು. 1960ರ ದಶಕದಲ್ಲಿ ಇನ್ನೊಂದು ಸೋಜಿಗ ಹೊರಬಿದ್ದಿತು: ಗುರುವು ಸೂರ್ಯನಿಂದ ಪಡೆಯುವುದಕ್ಕಿಂತ ಹೆಚ್ಚಿನ ಶಾಖವನ್ನು ಹೊರಕ್ಕೆ ಸೂಸುತ್ತಿದೆ. ಒಳಗೆ ಅಷ್ಟು ಕಾವಿರುವಾಗ ಅದು ಮಂಜುಗಡ್ಡೆಯಾಗಿರುವುದೆಂತು? 1973ರ ಡಿಸೆಂಬರಿನಲ್ಲಿ ಪಯೊನೀರ್ 10 ನೌಕೆಯು ಗುರುವಿನ ಪಕ್ಕದಲ್ಲಿ ಹಾದುಹೋದ ಮೇಲೆ, ದ್ರವಗ್ರಹವೆಂಬ ಮಾತು ಪತ್ರಿಕೆಗಳವರೆಗೂ ಬಂದಿತು. ನಮ್ಮ ಹುಡುಗ ಓದಿದುದು ಅದನ್ನೇ. ಅಧ್ಯಾಪಕನು ಓದಲಿಲ್ಲ.

ನನಗೆ ಹೊಸ ಸುದ್ದಿಗಳು ತಲುಪುತ್ತಲೇ ಇರಲಿಲ್ಲವೆಂದು ಹೇಳಿ ತಪ್ಪಿಸಿಕೊಳ್ಳುವಂತೆಯೂ ಇಲ್ಲ. 1972ರ ಜೂನ್ 7ರಂದು ಗುರುವಿನ ಅತಿ ದೊಡ್ಡ ಉಪಗ್ರಹವಾದ ಗ್ಯಾನಿಮೀಡ್ ಒಂದು ನಕ್ಷತ್ರವನ್ನು ಮರೆಮಾಡಿದಾಗ, ತಮಿಳುನಾಡಿನ ಕಾವಲೂರಿನಿಂದಲೂ ಜಾವಾ ದ್ವೀಪದಿಂದಲೂ ಅದನ್ನು ವೀಕ್ಷಿಸಿದ ಭಾರತ, ಬ್ರಿಟನ್, ಅಮೆರಿಕಗಳ ವಿಜ್ಞಾನಿಗಳು ಆ ಉಪಗ್ರಹಕ್ಕೆ ತೆಳುವಾದ ವಾತಾವರಣವಿದೆಯೆಂದು ಸಾರಿದ್ದರು. ನಮ್ಮ ದೇಶದವರ ಕೈಯೂ ಅದರಲ್ಲಿದೆಯೆಂದು ನಾನು ತರಗತಿಯಲ್ಲಿ ಎದೆಯುಬ್ಬಿಸಿ ಹೇಳಿದ್ದೆ. ಮುಂದೆ 1979ರಲ್ಲಿ ವಾಯೇಜರ್ ನೌಕೆಯ ಅಳತೆಯಿಂದ, ಅವರು ಅಂದಾಜು ಮಾಡಿದಷ್ಟು ವಾತಾವರಣ ಅಲ್ಲಿಲ್ಲವೆಂದು ತಿಳಿದುಬಂದಿತು. ಆಮೇಲೆ ಹಬಲ್ ದೂರದರ್ಶಕವು ಅತ್ಯಂತ ವಿರಳವಾದ ಆಮ್ಲಜನಕವನ್ನು ಅಲ್ಲಿ ಗುರುತಿಸಿತು. ಆ ವಿದ್ಯೆಯಲ್ಲಿ ಹೀಗೆ ತಿದ್ದಿಕೊಳ್ಳುವುದು ನಿತ್ಯದ ವ್ಯವಹಾರ. ವಿದೇಶದ ಪಂಡಿತರು ಹೊಸದನ್ನು ಹೇಳಿದರೆ ಹೆಮ್ಮೆಪಡಬೇಕು, ವಸತಿನಿಲಯದ ಹುಡುಗನು ಹೇಳಿದರೆ ಸೊನ್ನೆ ಹಾಕಬೇಕು ಎಂಬ ನಿಯಮ ಮಾತ್ರ ನನ್ನದು.

1979ರ ಮಾರ್ಚ್ 5ರಂದು ವಾಯೇಜರ್ 1, ಜುಲೈ 9ರಂದು ವಾಯೇಜರ್ 2 ಗುರುವನ್ನು ಸಮೀಪಿಸಿದುವು. ಆ ವರ್ಷ ವಾಚನಾಲಯದ ಪತ್ರಿಕೆಗಳಲ್ಲಿ ಬಂದ ಚಿತ್ರಗಳನ್ನು ನೋಡುತ್ತ ನನ್ನ ಟಿಪ್ಪಣಿಯ ಸಾಲುಗಳು ಒಂದೊಂದಾಗಿ ಅಳಿಸಿಹೋದುವು. ಗುರುವಿಗೂ ತೆಳುವಾದ ಬಳೆಯಿದೆಯೆಂದು ವಾಯೇಜರ್ ತೋರಿಸಿತು. ಯುರೇನಸ್ಸಿಗೆ ಇರುವುದು 1977ರಲ್ಲಿಯೇ ತಿಳಿದಿತ್ತು. ಅಯೋ ಎಂಬ ಉಪಗ್ರಹದಲ್ಲಿ ಜ್ವಾಲಾಮುಖಿಗಳು ಉಗುಳುತ್ತಿರುವುದು ಕಂಡಿತು. ಉಪಗ್ರಹಗಳ ಎಣಿಕೆ ಹದಿನಾರಕ್ಕೆ ಏರಿತು. 2023ರ ಹೊತ್ತಿಗೆ ಅದು 95ನ್ನು ಮುಟ್ಟಿತ್ತು. ಆ ಅಂಕಿಯನ್ನು ಬಾಯಿಪಾಠ ಮಾಡಿಸುವ ಗೋಜಿಗೆ ಯಾವ ಅಧ್ಯಾಪಕನೂ ಹೋಗದಿರುವುದು ಲೇಸು. ಇವೆಲ್ಲವೂ ಸರಿಯೇ. ಆದರೆ ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುತ್ತಿದ್ದುದು ನೆಲವಿಲ್ಲವೆಂಬ ಆ ಒಂದು ಮಾತಿನ ಹತ್ತಿರ.

1980ರ ಫೆಬ್ರವರಿ 16ರ ಸೂರ್ಯಗ್ರಹಣವು ನಮ್ಮ ಓದುಗರಲ್ಲಿ ಹಿರಿಯರಿಗೆ ಮರೆತಿರಲಾರದು. ಹುಬ್ಬಳ್ಳಿ, ರಾಯಚೂರುಗಳ ಮೇಲೆ ಖಗ್ರಾಸವು ಹಾದುಹೋದ ಆ ಅಪರಾಹ್ನದ ಸಲುವಾಗಿ, ಮುಂಬಯಿಯಲ್ಲಿ ನೆಲೆಸಿದ್ದ ನಮ್ಮ ಹಳೆಯ ವಿದ್ಯಾರ್ಥಿಗಳು ಕೂಡಿ ಶಾಲೆಗೆ ಮೂರು ಅಂಗುಲದ ಒಂದು ದೂರದರ್ಶಕವನ್ನು ಕಾಣಿಕೆಯಾಗಿ ಕಳುಹಿಸಿದ್ದರು. ಗ್ರಹಣವನ್ನು ಬಿಳಿಯ ಕಾಗದದ ಮೇಲೆ ಬೀಳಿಸಿ ಮಕ್ಕಳಿಗೆ ತೋರಿಸಿದೆವು. ಆ ದಿನಗಳಲ್ಲಿಯೇ ಗುರುವು ಸೂರ್ಯನಿಗೆ ಎದುರಾಗಿ, ಸಂಜೆಯಾಗುತ್ತಲೇ ಮೂಡಲಲ್ಲಿ ಮಘಾ ನಕ್ಷತ್ರದ ಬಳಿ ಏಳುತ್ತಿತ್ತು. ಕೆಂಪಗೆ ಮಂಗಳನೂ ಪಕ್ಕದಲ್ಲಿದ್ದನು. ಗ್ರಹಣ ಕಳೆದ ಕೆಲವು ದಿನಗಳಿಗೆ, ಮೈದಾನದಲ್ಲಿ ದೂರದರ್ಶಕವನ್ನು ಹೂಡಿ ಮೊದಲ ಸಲ ನಾನು ಗುರುವನ್ನು ನೋಡಿದೆ. ಹದಿನಾಲ್ಕು ವರ್ಷ ಗುರುಗ್ರಹವನ್ನು ಪಾಠ ಮಾಡಿದ ಮೇಲೆ ಅದನ್ನು ಮೊದಲು ನೋಡಿದವನು ನಾನು. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಕಂಡದ್ದು ಒಂದು ಕಡಲೆಯಷ್ಟು ಬಿಳಿಯ ಬಿಲ್ಲೆ. ಅದು ಪೂರಾ ದುಂಡಗಿರಲಿಲ್ಲ. ಮೇಲೆ ಕೆಳಗೆ ಒತ್ತಿದಂತೆ ಕೊಂಚ ಚಪ್ಪಟೆ. ಭೂಮಿಗಿಂತ ಹನ್ನೊಂದು ಪಾಲು ಅಗಲವಾದ ಗೋಳವು ಹತ್ತು ಗಂಟೆಗೂ ಕಡಿಮೆ ಅವಧಿಯಲ್ಲಿ ಒಂದು ಸುತ್ತು ತಿರುಗುತ್ತದೆ. ಗಟ್ಟಿಯಲ್ಲದ ಮೈಯಾದುದರಿಂದ ಆ ಭರಕ್ಕೆ ನಡು ಉಬ್ಬಿ, ಸಮಭಾಜಕದ ವ್ಯಾಸವು ಧ್ರುವಗಳ ನಡುವಣ ವ್ಯಾಸಕ್ಕಿಂತ 9,000 ಕಿಲೋಮೀಟರಿಗೂ ಮಿಕ್ಕಿ ಹೆಚ್ಚಾಗಿದೆ. ಹಳೆಯ ಧೋತರದ ಅಂಚಿನಂತೆ ಮಾಸಿದ ಎರಡು ಪಟ್ಟೆಗಳು ಅಡ್ಡಲಾಗಿ ಕಂಡುವು. ಬಿಳಿಯ ಪಟ್ಟೆಗಳಲ್ಲಿ ಅನಿಲವು ಮೇಲೇರಿ ಅಮೋನಿಯದ ಹಿಮಕಣಗಳ ಮೋಡ ಕಟ್ಟುತ್ತದೆ, ಕಂದು ಪಟ್ಟೆಗಳಲ್ಲಿ ಆ ಮೋಡ ತೆಳುವಾಗಿ ಕೆಳಗಿನದು ಕಾಣುತ್ತದೆ, ಎರಡರ ನಡುವೆ ಎದುರುಬದುರಾದ ಬಿರುಗಾಳಿಗಳು ಓಡುತ್ತಿರುತ್ತವೆ ಎಂದು ಪುಸ್ತಕಗಳು ಹೇಳುತ್ತವೆ. ನಮ್ಮ ಸಣ್ಣ ಕೊಳವೆಗೆ ಅಷ್ಟೆಲ್ಲ ನಿಲುಕದು. ಕೆಂಪು ಮಚ್ಚೆಯಂತೂ ಕಾಣಲೇ ಇಲ್ಲ. ಪಕ್ಕದಲ್ಲಿ, ಒಂದೇ ಗೆರೆಯಲ್ಲಿ, ನಾಲ್ಕು ಚುಕ್ಕೆಗಳಿದ್ದುವು. 1610ರ ಜನವರಿಯಲ್ಲಿ ಗೆಲಿಲಿಯೊ ಕಂಡುದು ಇವನ್ನೇ. ಮರುದಿನ ಅವು ಜಾಗ ಬದಲಿಸಿದ್ದನ್ನು ಕಂಡು ಮಕ್ಕಳು ಕೂಗಿಕೊಂಡರು. ನಾನು ಮಾತ್ರ ಬಿಲ್ಲೆಯನ್ನೇ ನೋಡುತ್ತಿದ್ದೆ. ಸುಮಾರು 65 ಕೋಟಿ ಕಿಲೋಮೀಟರಿನಾಚೆಯಿಂದ 36 ನಿಮಿಷ ಪಯಣಿಸಿ ಬಂದ ಆ ಬೆಳಕು ಯಾವ ನೆಲದಿಂದ ಹೊರಟುಬಂದುದೂ ಅಲ್ಲ, ಬರಿಯ ಮೋಡದ ನೆತ್ತಿಯಿಂದ ಮರಳಿದುದು. ಹುಡುಗನ ಮೂರು ಸಾಲುಗಳು ಅಕ್ಷರಶಃ ನೆನಪಾದುವು.

ಆ ವೇಳೆಗೆ ಅವನು ಶಾಲೆ ಬಿಟ್ಟು ನಾಲ್ಕು ವರ್ಷಗಳಾಗಿದ್ದುವು. ಎಸ್ಸೆಸ್ಸೆಲ್ಸಿಯಲ್ಲಿ ಎರಡನೆಯ ದರ್ಜೆಯಲ್ಲಿ ತೇರ್ಗಡೆಯಾಗಿ, ಕಾಲೇಜಿಗೆ ಹೋಗದೆ, ಪಟ್ಟಣದಲ್ಲಿ ಮೋಟಾರು ರಿವೈಂಡಿಂಗ್ ಮಾಡುವವರ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದನೆಂದು ಕೇಳಿದ್ದೆ. ನನ್ನ ನಾಲ್ಕು ಅಂಕಗಳೇ ಅದಕ್ಕೆ ಕಾರಣವೆಂದರೆ ಅದೊಂದು ಬಗೆಯ ಅಹಂಕಾರವಾದೀತು. ಬರ, ಸಾಲ, ಮನೆಯಲ್ಲಿದ್ದ ತಂಗಿಯರು, ಇವೆಲ್ಲ ಇದ್ದುವು. ಕಾರಣವಲ್ಲವೇ ಅಲ್ಲವೆಂದರೆ ಅದು ಸುಳ್ಳಾದೀತು. ಆ ವರ್ಷದಿಂದ ಟಿಪ್ಪಣಿಯನ್ನು ಹರಿದುಹಾಕಿ ಹೊಸದಾಗಿ ಬರೆದೆ. ಅವನಿಗೆ ಒಂದು ಕಾರ್ಡು ಬರೆಯಬಹುದಾಗಿತ್ತು. ಬರೆಯಲಿಲ್ಲ.

ಮುಂದೆ ಪ್ರತಿ ವರ್ಷವೂ ನಾನು ತರಗತಿಯಲ್ಲಿ ಅವನ ಪ್ರಶ್ನೆಯಿಂದಲೇ ಗುರುಗ್ರಹದ ಪಾಠವನ್ನು ಆರಂಭಿಸುತ್ತಿದ್ದೆ: ಅಲ್ಲಿ ಹೋಗಿ ನಿಂತರೆ ಕಾಲು ಎಲ್ಲಿ ಊರುತ್ತದೆ? ಜೋಳದ ಅಂಬಲಿಯನ್ನು ಗಡಿಗೆಯಲ್ಲಿ ತುಸು ಹೊತ್ತು ಬಿಟ್ಟರೆ ಮೇಲೆ ತಿಳಿ, ಬರಬರುತ್ತ ಮಂದ, ತಳದಲ್ಲಿ ಗಟ್ಟಿ. ಇಲ್ಲಿಗೆ ತಿಳಿ ಮುಗಿಯಿತು, ಇಲ್ಲಿಂದ ಗಟ್ಟಿ ಎಂದು ಗೆರೆ ಎಳೆಯಲು ಬರುವುದಿಲ್ಲ. ಗುರುವಿನ ಒಡಲೂ ಹಾಗೆಯೇ. ಮೋಡಗಳ ಕೆಳಗೆ ಜಲಜನಕವು ಮೇಲಿನ ಭಾರಕ್ಕೆ ಒತ್ತಿಕೊಳ್ಳುತ್ತ, ಕಾಯುತ್ತ ಹೋಗಿ ಅನಿಲವೆನ್ನಲಾರದ ಸ್ಥಿತಿಗೆ ಬರುತ್ತದೆ. ಕೆರೆಗೆ ಇರುವಂತಹ ನೀರ್ಮಟ್ಟ ಅಲ್ಲಿಲ್ಲ. ಇನ್ನೂ ಆಳದಲ್ಲಿ, ನಮ್ಮ ಗಾಳಿಯ ಒತ್ತಡಕ್ಕಿಂತ ಹತ್ತು ಲಕ್ಷ ಪಾಲಿಗೂ ಮೀರಿದ ಒತ್ತಡದಲ್ಲಿ, ಜಲಜನಕವು ಲೋಹದಂತಾಗಿ ವಿದ್ಯುತ್ತನ್ನು ಹರಿಯಗೊಡುತ್ತದೆ. ಹೀಗೆ ಆದೀತೆಂದು ವಿಗ್ನರ್, ಹಂಟಿಂಗ್ಟನ್ ಎಂಬಿಬ್ಬರು 1935ರಲ್ಲಿಯೇ ಲೆಕ್ಕ ಹಾಕಿದ್ದರು. ಗುರುವಿನ ಪ್ರಬಲವಾದ ಕಾಂತಕ್ಷೇತ್ರವು ಹುಟ್ಟುವುದು ಈ ಲೋಹದ್ರವದ ಹೊರಳಾಟದಿಂದ.

ಅಲ್ಲಿಗೆ ಇಳಿದು ನೋಡಿದ್ದೂ ಉಂಟು. 1995ರ ಡಿಸೆಂಬರ್ 7ರಂದು ಗೆಲಿಲಿಯೊ ನೌಕೆಯಿಂದ ಬೇರ್ಪಟ್ಟ ಒಂದು ಶೋಧಕವು ಸೆಕೆಂಡಿಗೆ 47 ಕಿಲೋಮೀಟರ್ ವೇಗದಲ್ಲಿ ಗುರುವಿನ ವಾತಾವರಣವನ್ನು ಹೊಕ್ಕಿತು. ಹೊರಗಿನ ಕವಚವು ಉರಿದು ಸವೆದ ಮೇಲೆ ಧುಮುಕುಕೊಡೆಯನ್ನು ಬಿಚ್ಚಿಕೊಂಡು ಇಳಿಯುತ್ತ, ಸುಮಾರು 58 ನಿಮಿಷ ಸುದ್ದಿಯನ್ನು ಕಳುಹಿಸಿತು. ಕೆಳಗಿಳಿದಂತೆ ಗಾಳಿಯ ವೇಗ ಕುಗ್ಗಲಿಲ್ಲ, ಬದಲಾಗಿ ಹೆಚ್ಚಿತು. ಒತ್ತಡವು ನಮ್ಮ ಗಾಳಿಯ ಇಪ್ಪತ್ತೆರಡು ಪಾಲನ್ನು ಮುಟ್ಟಿದಲ್ಲಿಗೆ ಶಾಖ ತಾಳಲಾರದೆ ಅದರ ದನಿಯಡಗಿತು. ಅಷ್ಟು ಇಳಿದುದು ನೂರೈವತ್ತು ಕಿಲೋಮೀಟರಿನ ಆಸುಪಾಸು ಮಾತ್ರ. ಕೇಂದ್ರವಿದ್ದುದು ಎಪ್ಪತ್ತು ಸಾವಿರ ಕಿಲೋಮೀಟರು ಕೆಳಗೆ. ಆ ಸುದ್ದಿಯನ್ನು ನಾನು ತರಗತಿಯಲ್ಲಿ ಓದಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಅದು ಎಲ್ಲೂ ಬಡದು ಒಡೀಲೇ ಇಲ್ಲೇನ್ರಿ?” ಎಂದು ಕೇಳಿದಳು. ಇಲ್ಲ, ಬಡಿಯಲು ಏನೂ ಇರಲಿಲ್ಲ.

ಅವಿವಾಹಿತೆಯರಿಗೆ ಗುರುಬಲ ನೋಡುವ, ಗುರುವು ರಾಶಿಯಿಂದ ರಾಶಿಗೆ ಜಾರಿದಾಗ ನದಿಗಳ ಪುಷ್ಕರವನ್ನು ಆಚರಿಸುವ ನಾಡು ನಮ್ಮದು. ಆ ನಂಬಿಕೆಗಳ ವಿಚಾರ ಇಲ್ಲಿ ಬೇಡ. ಗುರುವೆಂದರೆ ಭಾರವಾದುದೆಂಬ ಅರ್ಥವೂ ಉಂಟೆಂದು ಛಂದಸ್ಸನ್ನು ಓದಿದವರೆಲ್ಲ ಬಲ್ಲರು. ಉಳಿದ ಗ್ರಹಗಳನ್ನೆಲ್ಲ ಒಟ್ಟುಗೂಡಿಸಿ ತೂಗಿದರೂ ಈ ಗ್ರಹವು ಅವುಗಳ ಎರಡೂವರೆ ಪಾಲು ಭಾರ. ಇಷ್ಟು ಭಾರವಾದುದಕ್ಕೆ ಊರಲು ನೆಲವಿಲ್ಲ! ಅದರ ಮೈಮೇಲೆ ಶಾಶ್ವತವೆಂದು ನಾನು ಕಲಿಸಿದ ಕೆಂಪು ಮಚ್ಚೆಯೂ ಕುಗ್ಗುತ್ತಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸುಮಾರು 40,000 ಕಿಲೋಮೀಟರ್ ಉದ್ದವಿದ್ದ ಆ ಸುಂಟರಗಾಳಿಯು ವಾಯೇಜರ್ ಕಾಲಕ್ಕೆ 23,000 ಆಗಿ, ಈಚೆಗೆ 16,000ದ ಸಮೀಪಕ್ಕೆ ಬಂದಿದೆ. ಮೂರು ಭೂಮಿಗಳು ಅದರಲ್ಲಿ ಹಿಡಿಸುತ್ತವೆಂದು ನನ್ನಿಂದ ಬರೆದುಕೊಂಡ ಮಕ್ಕಳು ಈಗ ಒಂದೆಂದು ತಿದ್ದಿಕೊಳ್ಳಬೇಕು.

2020ರ ಡಿಸೆಂಬರ್ 21ರಂದು ಗುರು ಶನಿಗಳು ಆಕಾಶದಲ್ಲಿ ಚಂದ್ರಬಿಂಬದ ಐದನೆಯ ಒಂದು ಪಾಲಿನಷ್ಟು ಹತ್ತಿರಕ್ಕೆ ಬಂದುವು. 1623ರ ತರುವಾಯ ಅಷ್ಟು ಸಮೀಪ ಬಂದುದಿಲ್ಲ. ಸಾಂಕ್ರಾಮಿಕದ ದೆಸೆಯಿಂದ ತರಗತಿಗಳು ನಡೆಯುತ್ತಿರಲಿಲ್ಲ. ಆದರೂ ಮುಖ್ಯಾಧ್ಯಾಪಕರ ಅನುಮತಿ ಪಡೆದು, ನಿವೃತ್ತನಾದ ನಾನು ಹಳೆಯ ದೂರದರ್ಶಕವನ್ನು ಮೈದಾನಕ್ಕೆ ತರಿಸಿದೆ. ಹತ್ತು ಹನ್ನೆರಡು ಮಂದಿ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ದೂರ ದೂರ ನಿಂತಿದ್ದರು. ಪಡುವಲಲ್ಲಿ ಎರಡೂ ಗ್ರಹಗಳು ಒಂದೇ ಕಣ್ಣಳತೆಯಲ್ಲಿ ಕಂಡುವು. ಮೊಮ್ಮಗಳ ಕೈ ಹಿಡಿದು ಸರದಿಯಲ್ಲಿ ಬಂದ ನರೆಗೂದಲಿನ ಒಬ್ಬರು ನೋಡಿ ಮುಗಿಸಿ, ಮುಖದ ಬಟ್ಟೆಯನ್ನು ಇಳಿಸಿ ನಮಸ್ಕರಿಸಿದರು. ಆತನೇ. ಪಟ್ಟಣದಲ್ಲಿ ಸ್ವಂತ ರಿವೈಂಡಿಂಗ್ ಅಂಗಡಿ ಇಟ್ಟು ಮೂವತ್ತು ವರ್ಷಗಳಾದುವಂತೆ.

ಎಲ್ಲರೂ ಹೋದ ಮೇಲೆ ನಾನು ಆ ನಾಲ್ಕು ಅಂಕಗಳ ಮಾತನ್ನು ಎತ್ತಿದೆ. “ನೀನು ಬರದದ್ದು ಖರೇ ಇತ್ತು. ತಪ್ಪು ನನ್ನದು” ಎಂದೆ. ಅವನು ಮರೆತಿರಬಹುದೆಂದುಕೊಂಡಿದ್ದೆ.

“ನೆನಪೈತ್ರಿ ಸರ” ಎಂದನು. “ಊರಿಗೆ ಹೋಗಿ ನಮ್ಮಪ್ಪಗ ಹೇಳಿದ್ದೆ, ಸರಿ ಬರದ್ರೂ ಮಾರ್ಕ್ಸ್ ಕೊಡಲಿಲ್ಲ ಅಂತ. ಅಪ್ಪ ನಂಬಲಿಲ್ರಿ. ಸರ ತಪ್ಪು ಮಾಡ್ತಾರೇನು, ನೀನ ಓದಿಲ್ಲ ಅಂದ. ಅಪ್ಪ ಹೋಗಿ ಹದಿನೈದು ವರ್ಷ ಆತ್ರಿ.”

ನನಗೆ ಏನೂ ಹೇಳಲು ತೋಚಲಿಲ್ಲ. ತುಸು ಹೊತ್ತಿನ ಮೇಲೆ ಅವನೇ ಮಾತನ್ನು ಬೇರೆಡೆಗೆ ತಿರುಗಿಸಿ, ಲೋಹದಂತಾದ ಜಲಜನಕದ ವಿಚಾರವನ್ನು ಕೇಳಿದನು. “ತಾಮ್ರದ ತಂತೀನೂ ಇಲ್ಲ, ಕಬ್ಬಿಣದ ಕೋರೂ ಇಲ್ಲ. ತಿರುಗೂ ದ್ರವದಾಗ ಕರೆಂಟ್ ಹುಟ್ಟಿ ಅಷ್ಟು ದೊಡ್ಡ ಮ್ಯಾಗ್ನೆಟ್ ಆಗತೈತಿ ಅಂತೀರಿ?” ಜೀವಮಾನವಿಡೀ ಕೈಯಲ್ಲಿ ತಂತಿ ಸುತ್ತಿದವನಿಗೆ ನಾನು ಪಾಠ ಮಾಡಬೇಕಾಗಲಿಲ್ಲ, ಸುತ್ತುವ ವೇಗ ಎಷ್ಟೆಂದು ತಿಳಿಯುತ್ತಲೇ ಅವನು ತಲೆದೂಗಿದನು. ಬಳಿಕ, “ಅಂದ್ರ ನಡುವಿನ ಗಟ್ಟಿ ಗುಂಡರ ಖರೇನ್ರಿ?” ಎಂದನು. 2016ರಲ್ಲಿ ಗುರುವನ್ನು ಮುಟ್ಟಿದ ಜೂನೊ ನೌಕೆಯು ಗುರುತ್ವವನ್ನು ಅಳೆದು, ನಡುವಿನ ಗುಂಡಿಗೂ ಸ್ಪಷ್ಟವಾದ ಅಂಚಿಲ್ಲ, ಕಲ್ಲು ಲೋಹಗಳ ಅಂಶವು ಜಲಜನಕದಲ್ಲಿ ಕದಡಿ ಬಹುದೂರದವರೆಗೆ ಹರಡಿಕೊಂಡಿದೆಯೆಂಬ ಸೂಚನೆಯನ್ನು ಕೊಟ್ಟಿತ್ತು. ಅದನ್ನು ಹೇಳಿದೆ. ನನ್ನ ಹಳೆಯ ಟಿಪ್ಪಣಿಯಲ್ಲಿ ಅಳಿಯದೆ ಉಳಿದಿದ್ದ ಕೊನೆಯ ಸಾಲೂ ಹಾಗೆ ಹೋಯಿತು. ಅವನು ನಕ್ಕನು.

ಆ ರಾತ್ರಿ ದೂರದರ್ಶಕವನ್ನು ಪೆಟ್ಟಿಗೆಗೆ ಹಾಕುವಾಗ ಅದರ ತಿರುಪು ಸವೆದಿರುವುದನ್ನು ಅವನು ಗಮನಿಸಿ, ಮರುವಾರವೇ ಹಿತ್ತಾಳೆಯಲ್ಲಿ ಹೊಸದನ್ನು ಕೊರೆಯಿಸಿ ತಂದು ಕೂಡಿಸಿಕೊಟ್ಟನು. ದುಡ್ಡು ಕೊಡಹೋದರೆ ಮುಟ್ಟಲಿಲ್ಲ. ಮುಂಗಾಜಿಗೆ ಮಾತ್ರ ಬೂಸರು ಹಿಡಿದಿದ್ದು, ಅದನ್ನು ತಿಳಿದವರಿಂದಲೇ ತೊಳೆಯಿಸಬೇಕಾಗಿದೆ. ಪೆಟ್ಟಿಗೆಯು ಪ್ರಯೋಗಶಾಲೆಯ ಎಡಗಡೆಯ ಕಪಾಟಿನಲ್ಲಿದೆ; ಬೀಗದಕೈ ಮುಖ್ಯಾಧ್ಯಾಪಕರ ಬಳಿ ಇದೆ.